ಚದುರಂಗದ ಮಣೆ ತಿರುಗಿಸುವವರು

ಸದಾಶಿವ ಪೇಠದಲ್ಲಿ ಹತ್ತಾರು ಬಾಡಿಗೆ ಸಂಸಾರಗಳಿರುವ ನಮ್ಮ ವಾಡೆಯ ಅಂಗಳದಲ್ಲಿ ಅಪ್ಪಾಸಾಹೇಬರು ದಿನಾ ಸಂಜೆ ಪಕ್ಕದ ಕೋಣೆಯ ಮುರುಗೆಪ್ಪನವರೊಡನೆ ಚದುರಂಗಕ್ಕೆ ಕೂಡುತ್ತಾರೆ. ಇನ್ನೇನು ಗೆದ್ದರು ಎನ್ನುವಾಗ ಮಣೆಯನ್ನೇ ತಿರುಗಿಸಿ ಸೋಲುವ ಕಡೆಯನ್ನು ತಾವು ವಹಿಸುತ್ತಾರೆ. ಆಗಿನ ಗದ್ದಲ ಓಣಿಯ ತುದಿಗೂ ಕೇಳಿಸುತ್ತದೆ. “ಇದೇನ್ ಆಟಾನೋ ಹುಚ್ಚಾಟಾನೋ?” ಎಂದು ಮುರುಗೆಪ್ಪನವರು ರೇಗಿದರೆ, “ನಾವಿಬ್ಬರು ಬ್ಯಾರೆ ಅಲ್ಲಂದಮ್ಯಾಲ ಸೋತವರ್ಯಾರ್ರೀ?” ಎಂದು ಇವರು ಕಣ್ಣರಳಿಸುತ್ತಾರೆ. ಒಮ್ಮೆ ಟಾಂಗಾ ಹತ್ತಿ ಪ್ರವಚನಕ್ಕೆ ಹೋಗಿ, ತಾನು, ಪರರು ಎಂಬುದು ಎರಡಲ್ಲವೆಂದು ಬೌದ್ಧ ಭಿಕ್ಷುವೊಬ್ಬರಿಂದ ಕೇಳಿ ಬಂದಂದಿನಿಂದ ಹೀಗೆ. ಪಕ್ಕದವರಿಗೆ ಹೊಟ್ಟೆನೋವೆಂದರೆ ಕಷಾಯ ಕುಡಿಯುವವರು ಇವರು. ಯಾರ ಮನೆಯಲ್ಲಿ ಹೋಳಿಗೆಯಾದರೂ ತೇಗುವವರೂ ಇವರೇ. ನಾವು ಹೆಂಗಸರು ಬಾಯಿಗೆ ಸೆರಗಿಟ್ಟು ನಗುತ್ತಿದ್ದೆವು. ಈ ಮಳೆಗಾಲದಲ್ಲಿ ಕೆಳಗಿನ ತೇವದ ಕೋಣೆಗಳಲ್ಲಿ ಈ ಇಬ್ಬರು ಗೆಳೆಯರಿಗೂ ದಮ್ಮು ಹೆಚ್ಚಾಯಿತು. ಮಹಡಿಯ ಮೇಲೆ ಬಿಸಿಲು ಬೀಳುವ ಕೋಣೆಯೊಂದು ತೆರವಾದಾಗ ವಾಡೆಯ ಮಾಲಕ ದಿಗಂಬರರಾಯರು ಅಪ್ಪಾಸಾಹೇಬರನ್ನು ಕರೆದು, “ನಿಮಗಽ ಅಂತ ಇಟ್ಟೀನ್ರಿ, ಇವತ್ತಽ ಬರ್ರಿ” ಎಂದರು. ಕೆಮ್ಮು ನಿಲ್ಲುವ ತನಕ ಅಪ್ಪಾಸಾಹೇಬರು ಕಂಬ ಹಿಡಿದು ನಿಂತರು. “ನನಗ ಬ್ಯಾಡ್ರಿ, ಮುರುಗೆಪ್ಪನವರಿಗೆ ಕೊಡ್ರಿ,” ಎಂದರು ಆಮೇಲೆ. “ಅವರಿಗೆ ಉಸಿರು ಬಂದ್ರ ನನಗೂ ಬಂದಂಗ.”