ತನಕಪ್ಪ ತಿರುಗಿಸಿಟ್ಟ ಚಪ್ಪಲಿಗಳು

ಕೊನೆಯ ಆ ಒಂದು ತಿಂಗಳು, ದೇವಸ್ಥಾನದ ಮೆಟ್ಟಿಲ ಬಳಿ ಬಿಟ್ಟ ಚಪ್ಪಲಿಗಳೆಲ್ಲ ಜೋಡಿಜೋಡಿಯಾಗಿ ರಸ್ತೆಯ ಕಡೆ ಮುಖಮಾಡಿದ್ದರೆ, ತನಾಕಾ ಒಳಗಿದ್ದಾರೆ ಎಂದು ತಿಳಿಯಬಹುದಿತ್ತು. ತಮ್ಮದನ್ನಷ್ಟೇ ಅಲ್ಲ, ಪರಿಚಯವಿಲ್ಲದವರದನ್ನೂ ಅವರು ಬಗ್ಗಿ ತಿರುಗಿಸಿಡುತ್ತಿದ್ದರು. ಹೊರಬಂದವರು ಸುಮ್ಮನೆ ಕಾಲು ತೂರಿಸಿ ನಡೆದರಾಯಿತು. ಅವರ ನಾಡಿನ ಪದ್ಧತಿ ಅದು.

ತನಾಕಾ ಜಪಾನಿನವರು, ತಳೇಗಾಂವದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಮರಾಠಿ ನಾಡಿನ ಈ ಊರಲ್ಲಿ, ಬಿಬವೇವಾಡಿ ಬಡಾವಣೆಯಲ್ಲಿ, ನಾನು ಬಾಡಿಗೆಗಿರುವ ಕಟ್ಟಡದ ಮೇಲಿನ ಮನೆಯಲ್ಲಿ ಒಂಬತ್ತು ವರ್ಷ ಇದ್ದರು. ಜೊತೆಯವರೆಲ್ಲ ಕಾರ್ಖಾನೆಯ ಹತ್ತಿರ ಮನೆ ಮಾಡಿದ್ದರು. ಇಷ್ಟು ದೂರ ಏಕೆ ಎಂದು ಕೇಳಿದರೆ, “ಅಲ್ಲಿ ರೊಟ್ಟಿ ಬಡಿಯೂ ಸಪ್ಪಳ ಇಲ್ರಿ” ಎನ್ನುತ್ತಿದ್ದರು.

ರೊಟ್ಟಿ ಬಡಿಯುತ್ತಿದ್ದವರು ಮನೆಯೊಡತಿ ಗಂಗಕ್ಕ, ವಿಜಯಪುರದ ಕಡೆಯವರು. ಆಕೆ ಅವರಿಗೆ ಕನ್ನಡ ಕಲಿಸಲಿಲ್ಲ, ಮಾತಾಡುತ್ತಲೇ ಹೋದರು; ಕೇಳಿಕೇಳಿಯೇ ಅವರು ಕಲಿತರು. ತನಾಕಾ ಎಂಬುದನ್ನು ತನಕಪ್ಪ ಮಾಡಿದವರೂ ಆಕೆಯೇ.

ಮೊದಲ ವರ್ಷ ತನಾಕಾ ನಮ್ಮಿಬ್ಬರನ್ನು ಚಹಾಕ್ಕೆ ಕರೆದರು. ಹೊರಡುವಾಗ ನೋಡಿದರೆ ಚಪ್ಪಲಿಗಳು ಬೀದಿಯ ಕಡೆ ತಿರುಗಿವೆ. ಗಂಗಕ್ಕ ದಡದಡ ಕೆಳಗಿಳಿದರು. ಆಮೇಲೆ ಸಿಡಿದರು: “ನಾನೇನ್ ವಸ್ತಿ ಇರಾಕ ಹೋಗಿದ್ನೇನು? ಚಾ ಕುಡಿಯೂದ್ರಾಗ ಚಪ್ಪಲಿ ತಿರುಗಿಸಿ, ನಡೀರಿ ಅಂದಾನ!” ಮೇಲಿನ ಮನೆಗೆ ರೊಟ್ಟಿ ಹೋಗುವುದು ನಿಂತಿತು. ಪತ್ರಿಕೆಯಲ್ಲಿ ಕೆಲಸ ಮಾಡುವ ನಾನು ಸುದ್ದಿಮನೆಯ ಅಭ್ಯಾಸದಂತೆ ಇನ್ನೊಂದು ಕಡೆಯವರನ್ನೂ ವಿಚಾರಿಸಿದೆ. ವಿಷಯ ತಿಳಿದ ತನಾಕಾ ಓಡಿಬಂದು ವಿವರಿಸಿದರು: “ಹೋಗೋರಿಗೆ ತ್ರಾಸ ಆಗಬಾರದು ಅಂತ್ರಿ.”

“ಆಗ್ಲಿ ಬಿಡ್ರಿ,” ಎಂದರು ಗಂಗಕ್ಕ. “ಚಪ್ಪಲಿ ಹುಡುಕೂದ್ರಾಗ ಇನ್ನ ನಾಕ ಮಾತು ಆಡ್ತಾರ.”

ಕೆಲಸದ ಅವಧಿ ಮುಗಿದು ಊರಿಗೆ ಹೊರಡುವ ಕೊನೆಯ ತಿಂಗಳಲ್ಲಿ, ಅದುವರೆಗೆ ಒಂದು ಗುಡಿಯನ್ನೂ ನೋಡದಿದ್ದವರು ಹಳೆಯ ಗುಡಿಗಳನ್ನೆಲ್ಲ ನೋಡಬೇಕೆಂದರು. ಏಕೆ ಈಗ? “ಊರು ಬಿಡೋವಾಗ ಹಿರಿಯರಿಗೆ ಹೇಳಿ ಹೋಗಬೇಕಲ್ರಿ. ಇಲ್ಲಿ ಭಾಳ ಹಿರಿಯರು ಅಂದ್ರ ಗುಡ್ಯಾಗಿನವರ.”

ಒಂದೇ ಬಂಡೆಯಲ್ಲಿ ಕೊರೆದ ಪಾತಾಳೇಶ್ವರದಲ್ಲಿ ಅವರು ಅರ್ಧಕ್ಕೆ ಬಿಟ್ಟ ಕೆತ್ತನೆಯ ಮುಂದೆ ಬಹಳ ಹೊತ್ತು ನಿಂತರು. “ಕೆಲಸ ಇಲ್ಲಿ ನಿಲ್ಲಿಸ್ಯಾನ. ಅವತ್ತು ಉಳಿ ಎಲ್ಲಿ ಇಟ್ಟು ಹೋದನೋ,” ಎಂದು ನೆಲವನ್ನೇ ನೋಡಿದರು.

ಯವತದ ಬಳಿಯ ಬೆಟ್ಟದ ಮೇಲಿನ ಭುಲೇಶ್ವರಕ್ಕೆ ಗಂಗಕ್ಕನೂ ಬಂದರು. ಒಳಗಿನ ಮಬ್ಬಿನಲ್ಲಿ, ಮುಖ ಒಡೆದ ಶಿಲ್ಪಗಳ ಎದುರು ತನಾಕಾ ಒಂದೊಂದಕ್ಕೂ ತಲೆಬಾಗಿ ಏನೋ ಹೇಳುತ್ತ ಸಾಗಿದರು. ಹಿಂದೆಯೇ ಇದ್ದ ಗಂಗಕ್ಕ ಕಿವಿಗೊಟ್ಟು ಕೇಳಿ ಗಾಬರಿಯಾದರು.

“ದೇವರಿಗೆ ಹೋಗ್ತೀನಿ ಅಂತಾರೇನ್ರಿ? ಹೋಗಿ ಬರ್ತೀನಿ ಅನ್ರಿ!”

“ವಯಸ್ಸಾತ್ರಿ ಅಕ್ಕಾ. ಮತ್ತ ಬರೂದು ಆಗಂಗಿಲ್ಲ. ಇವರ ಮುಂದ ಸುಳ್ಳ ಹೆಂಗ ಹೇಳ್ಲಿ?”

“ಇವರ ಮುಂದ ಬ್ಯಾಡ. ನನ್ನ ಮುಂದರ ಅನ್ರಿ.”

ತನಾಕಾ ತಲೆ ತಗ್ಗಿಸಿದರು, ಅನ್ನಲಿಲ್ಲ. ವಾಪಸು ಬರುವಾಗ ಕಾರಿನಲ್ಲಿ ಗಂಗಕ್ಕ ಕಿಟಕಿಯ ಕಡೆ ತಿರುಗಿ ಕುಳಿತಿದ್ದರು. ಮುಂದಿನ ದಿನಗಳಲ್ಲಿ ಆಕೆ ಶೇಂಗಾ ಹಿಂಡಿ ಕಟ್ಟಿಕೊಟ್ಟರು, ರೊಟ್ಟಿ ಒಣಗಿಸಿಕೊಟ್ಟರು, ಪ್ರತಿಸಲವೂ ಅದೊಂದು ಮಾತಿಗಾಗಿ ಕಾದರು. ಅದು ಬರಲಿಲ್ಲ.

ಹೊರಡುವ ಬೆಳಿಗ್ಗೆ ಗಂಗಕ್ಕನ ಮನೆಯಲ್ಲಿ ಅವಲಕ್ಕಿ, ಚಹಾ ಆಯಿತು. ಟ್ಯಾಕ್ಸಿ ಬಂದಿತ್ತು. ಹೊಸ್ತಿಲು ದಾಟಿದ ತನಾಕಾ ನಿಂತುಬಿಟ್ಟರು. ಅವರು ಬೀದಿಯ ಕಡೆ ತಿರುಗಿಸಿಟ್ಟಿದ್ದ ಬೂಟುಗಳು ಈಗ ಮನೆಯ ಕಡೆ ನೋಡುತ್ತಿದ್ದವು.

“ಯಾರ್ರಿ ತಿರುಗಿಸಿದೋರು?”

“ನಾನ,” ಎಂದರು ಗಂಗಕ್ಕ. “ನೀವು ಬಾಯಿಲೆ ಏನೂ ಅನ್ನಬ್ಯಾಡ್ರಿ. ಸುಳ್ಳಾಗ್ತದ.”

ತನಾಕಾ ಬಗ್ಗಿದರು. ಬೂಟುಗಳನ್ನು ಸರಿಮಾಡುತ್ತಾರೆಂದುಕೊಂಡೆ. ಅವನ್ನು ಮುಟ್ಟಲಿಲ್ಲ, ತಾವೇ ತಿರುಗಿದರು. ಬೀದಿಗೆ ಬೆನ್ನುಮಾಡಿ, ಬಾಗಿಲಿಗೆ ಮುಖಮಾಡಿ ಕಾಲು ತೂರಿಸಿದರು. ಲೇಸು ಕಟ್ಟಲು ಬಹಳ ಹೊತ್ತು ಹಿಡಿಯಿತು. ಟ್ಯಾಕ್ಸಿಯವನು ಹಾರ್ನ್ ಹೊಡೆದ.

ಗಂಗಕ್ಕ ನನ್ನ ಮೊಣಕೈ ಹಿಡಿದರು. “ನೋಡ್ರಿ, ಹೋಗೋರಂಗ ಕಾಣ್ತಾರೇನು? ಈಗ ಬಂದು ನಿಂತೋರಂಗ ಅದಾರ.”