ಕೀ ಫೈಲಿಗೆ ಹತ್ತು ಹುಣಸೇಹಣ್ಣು

ಒಂಬತ್ತು ವರ್ಷ ಮನೆಯಲ್ಲಿದ್ದು ಮಗಳನ್ನು ಬೆಳೆಸಿ ಮತ್ತೆ ಕೆಲಸಕ್ಕೆ ಸೇರಿದಾಗ ನನಗೆ ಹಿಡಿದಿದ್ದು ಖುಷಿಯಲ್ಲ ಕಣ್ರೀ, ಹುಚ್ಚು. ಆರ್.ಟಿ. ನಗರದಿಂದ ಸ್ಕೂಟರ್ ಹತ್ತಿ ಹೊರಟರೆ ಹೆಬ್ಬಾಳದ ಫ್ಲೈಓವರ್ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗಲೂ ಹೆಲ್ಮೆಟ್ಟಿನೊಳಗೆ ಹಾಡು ಗುನುಗುತ್ತಿದ್ದೆ. ಪಕ್ಕದ ಆಟೋದವನು ಒಂದು ದಿನ, “ಏನ್ ಮೇಡಂ, ಜಾಮ್ ಆಗಿದ್ದಕ್ಕೆ ಇಷ್ಟ್ ಖುಷೀನಾ?” ಅಂದ. “ಹೌದಪ್ಪಾ, ಆಫೀಸಿಗೆ ಹೋಗೋ ಜಾಮು ಇದು!” ಅಂದೆ. ಅವನು ನನ್ನನ್ನು ಒಂದು ಥರ ನೋಡಿ ಆಟೋ ಮುಂದೆ ತೆಗೆದ.

ಆಫೀಸು ಸಹಕಾರನಗರದಲ್ಲಿ, ಒಂದು ಬೇಕರಿಯ ಮೇಲಿನ ಮಹಡಿ. ಕಲ್ಯಾಣ ಮಂಟಪಗಳನ್ನು ಆನ್‌ಲೈನಿನಲ್ಲಿ ಬುಕ್ ಮಾಡಿಸುವ ವೆಬ್‌ಸೈಟು ನಮ್ಮದು. ಆರೇ ಜನ. ಹನ್ನೊಂದು ಗಂಟೆಗೆ ಕೆಳಗಿನಿಂದ ಬನ್ನಿನ ವಾಸನೆ ಬಂತೆಂದರೆ ಯಾರ ಕೆಲಸವೂ ಸಾಗುತ್ತಿರಲಿಲ್ಲ. ಸರ್ವರ್ ನೋಡಿಕೊಳ್ಳುವವರು ಇಬ್ಬರು, ನಾನು ಮತ್ತು ನನಗಿಂತ ಹತ್ತು ವರ್ಷ ಚಿಕ್ಕವನಾದ ಒಬ್ಬ ಸಹೋದ್ಯೋಗಿ. ಹುಣಸಮಾರನಹಳ್ಳಿಯವನು. ಅವರ ತಾತನ ಕಾಲದಿಂದಲೂ ಅಲ್ಲೇ. ಏರ್‌ಪೋರ್ಟ್ ರಸ್ತೆ ಇವರ ಊರಿಗೆ ಬಂತೇ ಹೊರತು ಇವರು ರಸ್ತೆಗೆ ಬಂದವರಲ್ಲ. ನನ್ನನ್ನು ಮೊದಲ ದಿನ ಮೇಡಂ ಅಂದ, ಎರಡನೇ ದಿನದಿಂದ ಅಕ್ಕ.

ನಾನು ಸೇರಿದ್ದು ಮೂರು ತಿಂಗಳ ಟ್ರಯಲ್ ಮೇಲೆ. ಆ ಮೂರು ತಿಂಗಳು ಮುಗಿಯಲು ಒಂದು ಶುಕ್ರವಾರ ಬಾಕಿ ಇತ್ತು. ದಿಲ್ಲಿಗೆ ಹೋಗಿದ್ದ ಕಂಪನಿಯ ಯಜಮಾನರು ಅವತ್ತು ಬೆಳಿಗ್ಗೆ ಫೋನ್ ಮಾಡಿ, “ಇವತ್ತಿನ ಸರ್ಟಿಫಿಕೇಟ್ ಕೆಲಸ ನೀವೊಬ್ರೇ ಮಾಡಿ ನೋಡೋಣ. ಸೋಮವಾರ ನಿಮ್ಮ ಕನ್ಫರ್ಮೇಶನ್ ಲೆಟರ್ ಬಗ್ಗೆ ಮಾತಾಡೋಣ” ಅಂದರು. ನೀವೊಬ್ರೇ ಅಂತೆ! ನನಗೆ ರೆಕ್ಕೆ ಬಂದ ಹಾಗಾಯಿತು.

ಕೆಲಸ ಕೇಳಿದರೆ ಚಿಕ್ಕದು. ವೆಬ್‌ಸೈಟಿನ ವಿಳಾಸದ ಪಕ್ಕ ಪುಟ್ಟ ಬೀಗದ ಚಿತ್ರ ಕಾಣುತ್ತದಲ್ಲ, ಅದರ ಹಿಂದೆ ಎರಡು ಫೈಲು ಇರುತ್ತವೆ. ಒಂದು ಸರ್ಟಿಫಿಕೇಟು, ಊರಿಗೆಲ್ಲ ತೋರಿಸುವುದು. ಇನ್ನೊಂದು ಪ್ರೈವೇಟ್ ಕೀ, ಯಾರಿಗೂ ತೋರಿಸದೆ ಇಟ್ಟುಕೊಳ್ಳುವುದು. ಕಳ್ಳರ ಕೈಗೆ ಸಿಕ್ಕಿದರೂ ಉಪಯೋಗಕ್ಕೆ ಬಾರದಿರಲಿ ಅಂತ ಆ ಕೀ ಫೈಲಿಗೇ ಒಂದು ಪಾಸ್‌ವರ್ಡ್ ಹಾಕಿ ಬಿಗಿದಿರುತ್ತಾರೆ. ನಮ್ಮ ಹಳೇ ಸರ್ಟಿಫಿಕೇಟಿನ ಅವಧಿ ಅವತ್ತು ಸಂಜೆ ಐದೂವರೆಗೆ ಮುಗಿಯುತ್ತಿತ್ತು. ಹೊಸದು ಬಂದಿದ್ದು ಮಧ್ಯಾಹ್ನ ಒಂದೂವರೆಗೆ. ಅದಕ್ಕೆ ಜೋಡಿಯಾದ ಕೀ ಫೈಲನ್ನು ನನ್ನ ಸಹೋದ್ಯೋಗಿ ವಾರದ ಹಿಂದೆಯೇ ಮಾಡಿಟ್ಟು, ತಂಗಿ ಮದುವೆಗೆ ರಜೆ ಹಾಕಿ ಹೋಗಿದ್ದ. ನಾನು ಆ ಫೈಲನ್ನು ತೆರೆದು, ಹೊಸ ಸರ್ವರಿಗೆ ಒಗ್ಗುವ ರೂಪಕ್ಕೆ ಬದಲಾಯಿಸಿ, ಮತ್ತೆ ಪಾಸ್‌ವರ್ಡ್ ಹಾಕಿ ಕೂರಿಸಿದರೆ ಆಯಿತು. ಓಪನ್‌ಎಸ್‌ಎಸ್‌ಎಲ್ ಅನ್ನುವ ಟೂಲಿಗೆ ಕಪ್ಪು ತೆರೆಯ ಮೇಲೆ ಒಂದು ಸಾಲು ಬರೆದರೆ ಮುಗೀತು. ಮುಗಿಯದಿದ್ದರೆ ಐದೂವರೆಯಿಂದ ನಮ್ಮ ಸೈಟು ತೆರೆದವರಿಗೆಲ್ಲ ಕೆಂಪು ಎಚ್ಚರಿಕೆ. ಶ್ರಾವಣದ ಮುಹೂರ್ತಗಳಿಗೆ ಜನ ಮಂಟಪ ಹುಡುಕಿಕೊಂಡು ಮುಗಿಬಿದ್ದಿದ್ದ ದಿನಗಳು ಅವು.

ಆ ಒಂದು ಸಾಲನ್ನು ಎಷ್ಟು ಪ್ರೀತಿಯಿಂದ ಬರೆದೆ ಅಂತೀರಿ! ಯಾವ ಫೈಲು ಒಳಗೆ, ಯಾವ ಫೈಲು ಹೊರಗೆ, ಯಾವ ಬಗೆಯ ಬೀಗ, ಎಲ್ಲ ಎರಡೆರಡು ಸಲ ಓದಿ ಎಂಟರ್ ಒತ್ತಿದೆ. ಟೂಲು ಹಳೇ ಪಾಸ್‌ವರ್ಡ್ ಕೇಳಿತು. ನಾನು ಅವನಿಗೆ ಫೋನ್ ಮಾಡಿದೆ.

ಯಲಹಂಕದ ಛತ್ರದಲ್ಲಿ ಊಟದ ಹೊತ್ತು. ವಾಲಗ, ಮಕ್ಕಳ ಕಿರುಚಾಟ, ಪಾತ್ರೆ ಸದ್ದು, ಅದರ ನಡುವೆ ಅವನು, ಮದುಮಗಳ ಅಣ್ಣ, ಒಂದು ಕೈಯಲ್ಲಿ ಸಾರಿನ ಬಕೆಟ್ಟು ಹಿಡಿದಿದ್ದನಂತೆ.

“ಹತ್ತು ಹುಣಸೇಹಣ್ಣು ಅಕ್ಕ!” ಅಂತ ಕೂಗಿದ. “ಇಂಗ್ಲಿಷ್ ಅಕ್ಷರದಲ್ಲಿ. ಎಲ್ಲ ಸಣ್ಣಕ್ಷರ, ಮಧ್ಯೆ ಜಾಗ ಬಿಡ್ಬೇಡಿ. ಒತ್ತಕ್ಷರ ಇದ್ದ ಕಡೆ ಎರಡೆರಡು.”

“ಏನು? ಹುಣಸೇಹಣ್ಣಾ?”

“ಹುಣಸೇಹಣ್ಣು! ಹತ್ತು! ಹತ್ತು ಹುಣಸೇಹಣ್ಣು!”

ಹಿಂದಿನಿಂದ ಇನ್ಯಾರೋ, ಅಡುಗೆಯವರೇ ಇರಬೇಕು, “ಈಗ್ಯಾಕ್ರೀ ಹುಣಸೇಹಣ್ಣು, ಸಾರು ಆಗ್ಲೇ ಇಳಿಸಾಯ್ತು!” ಅಂತ ಗದರಿದರು. ನಾನು ನಕ್ಕೂ ನಕ್ಕೂ ಕುರ್ಚಿಯಿಂದ ಜಾರುವುದೊಂದು ಬಾಕಿ. ನಮ್ಮ ಕಂಪನಿಯ ಗುಟ್ಟು ಇಡೀ ಪಂಕ್ತಿಗೆ ಗೊತ್ತಾಗಿತ್ತು. ಫೋನ್ ಇಡುವ ಮುಂಚೆ ಅವನು, “ನಾನ್ ಹೇಳ್ದಂಗೇ ಹೊಡೀರಿ ಅಕ್ಕ, ಬಂದ್ಬಿಡತ್ತೆ” ಅಂದ.

ಹೊಡೆದೆ. ಪಾಸ್‌ವರ್ಡ್ ಹೊಡೆಯುವಾಗ ಆ ತೆರೆಯ ಮೇಲೆ ಏನೂ ಕಾಣುವುದಿಲ್ಲ, ಒಂದು ಚುಕ್ಕಿಯೂ ಇಲ್ಲ. ಕಣ್ಣು ಮುಚ್ಚಿಕೊಂಡು ರಂಗೋಲಿ ಇಟ್ಟ ಹಾಗೆ. ಎಂಟರ್ ಒತ್ತಿದರೆ, ‘ಬ್ಯಾಡ್ ಡಿಕ್ರಿಪ್ಟ್’ ಅಂದಿತು. ಅಂದರೆ ಪಾಸ್‌ವರ್ಡ್ ತಪ್ಪು, ಫೈಲು ತೆರೆಯಲಾರೆ.

ಬೆರಳು ತಪ್ಪಿರಬೇಕು ಅಂತ ಇನ್ನೊಮ್ಮೆ. ತಪ್ಪು. ಹುಣಸೆಯೋ ಹುಣಿಸೆಯೋ ಹುಣ್ಸೆಯೋ? ಕನ್ನಡದಲ್ಲಿ ಲಕ್ಷಣವಾಗಿರುವ ಹಣ್ಣನ್ನು ಇಂಗ್ಲಿಷಿನಲ್ಲಿ ಎಷ್ಟು ಥರ ಕೆಡಿಸಬಹುದು ಅಂತ ಅವತ್ತು ನೋಡಿದೆ. ಒಂದು ಕಾಗದ ತೆಗೆದು ಬರೆಯುತ್ತ ಹೋದೆ. ಸೆಗೆ ಒಂದು ಇ, ಎರಡು ಇ. ಕೊನೆಗೆ ಯು, ಡಬಲ್ ಓ. ಒಂದು ಕಾಗದ ಮುಗಿದು ಇನ್ನೊಂದು ಬಂತು. ಪಕ್ಕದಲ್ಲಿ ಕೂರುವ ಲೆಕ್ಕದ ವಿಭಾಗದಾಕೆ, “ಏನ್ರೀ ಅದು, ನಾಮಾವಳೀನಾ?” ಅಂದರು. ಮೊದಮೊದಲು ನಗು ಬರುತ್ತಿತ್ತು. ಇಪ್ಪತ್ತನೇ ಸಲಕ್ಕೆ ನಗು ಎಲ್ಲೋ ಹೋಯಿತು.

ಮತ್ತೆ ಫೋನ್ ಮಾಡಿದರೆ ಎತ್ತುತ್ತಿಲ್ಲ. ಹೊಸ ಕೀ ಮಾಡಿ, ಅದಕ್ಕೆ ಬೇರೆ ಸರ್ಟಿಫಿಕೇಟು ತರಿಸಬಹುದಿತ್ತು. ಅದಕ್ಕೆ ಯಜಮಾನರು ಇ-ಮೇಲಿನಲ್ಲಿ ಒಪ್ಪಿಗೆ ಕೊಡಬೇಕು, ಅವರು ಮೂರು ಗಂಟೆಗೆ ವಿಮಾನ ಹತ್ತಿಯಾಗಿತ್ತು. ಒಂಬತ್ತು ವರ್ಷ ಬಿಟ್ಟು ಬಂದವಳಿಗೆ ಒಂದು ಫೈಲು ತೆರೆಯಲು ಬರಲಿಲ್ಲ ಅನ್ನುತ್ತಾರೆ, ಸೋಮವಾರ ಮತ್ತೆ ಮನೆ. ನನಗೆ ಈ ಕೆಲಸ ಬೇಕಿತ್ತು. ಸಂಬಳಕ್ಕೂ ಬೇಕಿತ್ತು, ಅದಕ್ಕಿಂತ ಹೆಚ್ಚಾಗಿ ಬೆಳಿಗ್ಗೆ ಎದ್ದಾಗ ಹೋಗಲು ಒಂದು ಜಾಗ ಬೇಕಿತ್ತು.

ಮೂರೂಮುಕ್ಕಾಲಿಗೆ ಯಾರೋ ಫೋನ್ ಎತ್ತಿದರು. ಹೆಂಗಸಿನ ದನಿ. ಅವನ ತಾಯಿ.

“ಅವ್ನಾ? ಒಳಿಕ್ಕೆ ಓಗವ್ನೆ ಕಣವ್ವ. ಕಡೇ ಪಂಕ್ತಿಗೆ ಓಳಿಗೆ ಬಡಿಸ್ತಾವ್ನೆ. ಏನೇಳ್ಬೇಕು ಏಳು, ಏಳ್ತೀನಿ.”

ಓಳಿಗೆ.

ನಾನು ಫೋನ್ ಹಿಡಿದುಕೊಂಡು ಹಾಗೇ ಕೂತೆ. ಓಳಿಗೆ. ಹೋಳಿಗೆಯಲ್ಲ. ಆಕೆಯ ದನಿ ನನಗೆ ಹೊಸದು, ಅದಕ್ಕೇ ಹ ಇಲ್ಲದಿದ್ದುದು ಥಟ್ಟನೆ ಕೇಳಿಸಿತು. ಮಗನೂ ಹಾಗೇ ತಾನೆ ಮಾತಾಡುವುದು? ಮೂರು ತಿಂಗಳಿಂದ ದಿನಾ ಅವನ ಮಾತು ಕೇಳುತ್ತಿದ್ದೆ, ಕೇಳುತ್ತಲೇ ಮನಸ್ಸಿನಲ್ಲಿ ತಿದ್ದಿಕೊಳ್ಳುತ್ತಿದ್ದೆ. ತಿದ್ದಿ ತಿದ್ದಿ ಕಿವಿಗೇ ಅಭ್ಯಾಸವಾಗಿತ್ತು. ಇಲ್ಲಿ ಮೇಲೆ ಅವನ ಮಾತು ಬರೆಯುವಾಗಲೂ ಹ ಸೇರಿಸಿದವಳು ನಾನೇ, ನೋಡಿ. ನನಗೆ ಹಾಗೇ ಕೇಳಿಸಿದ್ದು. ಅವನು ನಿಜವಾಗಿ ಕೂಗಿದ್ದು “ಅತ್ತು ಉಣಸೇಅಣ್ಣು” ಅಂತ, ಅವನು ಹೇಳಿದ್ದು ‘ಏಳ್ದಂಗೇ ಒಡೀರಿ’ ಅಂತ.

“ಏನೂ ಬೇಡಮ್ಮ, ಸಿಕ್ಕಿತು, ಸಿಕ್ಕಿತು! ಹುಡುಗ ಹುಡುಗಿ ಚೆನ್ನಾಗಿರ್ಲಿ!” ಅಂತ ಕಿರುಚಿ ಫೋನ್ ಇಟ್ಟೆ.

ಎಚ್ ಎಲ್ಲ ಕಿತ್ತು ಹೊಡೆದೆ. ತಪ್ಪು. ಸೆಗೆ ಎರಡು ಇ. ತಪ್ಪು. ಮತ್ತೆ ಒಂದೇ ಇ, ಈ ಸಲ ನಿಧಾನಕ್ಕೆ, ಒಂದೊಂದೇ ಅಕ್ಷರ ಬಾಯಲ್ಲಿ ಅವನ ಥರಾನೇ ಅಂದುಕೊಂಡು. ಎಂಟರ್. ತೆರೆ ಬೈಯಲಿಲ್ಲ. ಹೊಸ ಪಾಸ್‌ವರ್ಡ್ ಏನು ಅಂತ ಕೇಳಿತು! ಹಳೇದನ್ನು ಒಪ್ಪಿದರೆ ತಾನೆ ಹೊಸದನ್ನು ಕೇಳುವುದು? ಅಯ್ಯೋ ಅಯ್ಯೋ ಅಯ್ಯೋ ಅಂತ ನಾನು ಕುಣಿದಿದ್ದಕ್ಕೆ ಕೆಳಗಿನ ಬೇಕರಿಯವರು ಮೇಲೆ ಬಂದು ಏನಾಯಿತು ಅಂತ ಕೇಳಿಕೊಂಡು ಹೋದರು. ಹೊಸ ಪಾಸ್‌ವರ್ಡನ್ನು ಎರಡು ಸಲ ಹೊಡೆಯಬೇಕು. ಖುಷಿಯ ಅವಸರದಲ್ಲಿ ಎರಡೂ ಬೇರೆ ಬೇರೆ ಹೊಡೆದೆ. ಟೂಲು ಒಪ್ಪಲಿಲ್ಲ, ಮೊದಲಿಂದ ಶುರು. ಇನ್ನೊಂದು ಸಲವೂ ಹಾಗೇ ಆಯಿತು. ಲೆಕ್ಕದಾಕೆ ನೀರು ತಂದುಕೊಟ್ಟು, “ಕೂತ್ಕೊಂಡು ಹೊಡೀರಿ, ನಿಂತ್ಕೊಂಡಲ್ಲ” ಅಂದರು. ಕೂತು ಹೊಡೆದೆ. ನಾಲ್ಕೂಕಾಲಿಗೆ ಹೊಸ ಕೀ, ಹೊಸ ಸರ್ಟಿಫಿಕೇಟು ಎರಡೂ ಜಾಗದಲ್ಲಿದ್ದವು. ಐದೂವರೆ ಬಂತು, ಹೋಯಿತು, ಸೈಟಿನ ಬೀಗ ಅಲ್ಲಾಡಲಿಲ್ಲ. ನಾನು ಎಲ್ಲರಿಗೂ ಬೆಣ್ಣೆ ಬಿಸ್ಕತ್ತು ಕೊಡಿಸಿದೆ.

ಆರು ಗಂಟೆಗೆ ವಿಮಾನ ಇಳಿದ ಯಜಮಾನರ ಫೋನ್. ಅಷ್ಟರಲ್ಲಿ ಆಫೀಸಿನವರು ಯಾರೋ ಸುದ್ದಿ ಮುಟ್ಟಿಸಿದ್ದರು. “ಅವ್ನು ಪಾಸ್‌ವರ್ಡಿಗೆ ತಪ್ಪು ಸ್ಪೆಲಿಂಗ್ ಹಾಕಿಟ್ಟಿದ್ನಂತೆ? ಅಷ್ಟೂ ಬರಲ್ವಾ ಅವ್ನಿಗೆ?” ಅಂದರು.

ನಾನು ನಕ್ಕು, “ಏನೋ ಹಂಗೇ ಆಯ್ತು ಸಾರ್” ಅಂದೆ.

“ಇನ್ಮೇಲೆ ಕೀ ಎಲ್ಲ ನೀವೇ ಇಟ್ಕೊಳ್ಳಿ, ಅವ್ನ ಕೈಗೆ ಕೊಡ್ಬೇಡಿ. ಸೋಮವಾರ ಲೆಟರ್ ಸೈನ್ ಮಾಡ್ತೀನಿ.”

ಹಾಡು ಗುನುಗುತ್ತಲೇ ಮನೆಗೆ ಹೋದೆ. ಸುಳ್ಳು ಯಾಕೆ ಹೇಳಲಿ, ಆ ಎರಡು ದಿನ ನನಗೆ ಏನೂ ಅನ್ನಿಸಲಿಲ್ಲ. ಮಗಳನ್ನು ಕರೆದುಕೊಂಡು ಯಶವಂತಪುರಕ್ಕೆ ಹೋಗಿ ಮೆಟ್ರೋ ಹತ್ತಿ ಸುಮ್ಮನೆ ಸುತ್ತಿ ಬಂದೆ.

ಸೋಮವಾರ ಅವನು ಬಂದ, ಕೈಯಲ್ಲಿ ಇನ್ನೂ ಅರಿಶಿನದ ಬಣ್ಣ. ಅರ್ಧ ಯಲಹಂಕಕ್ಕೆ ಗೊತ್ತಾದ ಪಾಸ್‌ವರ್ಡು ಇನ್ನು ಬೇಡ, ಈಗಿರುವುದೂ ನಾನು ಗಾಬರಿಯಲ್ಲಿ ಹಾಕಿದ್ದು, ಹೊಸದು ಹಾಕೋಣ ಅಂತ ಕೂತೆವು. ನಾನು ಚೇಷ್ಟೆಗೆ ಕೇಳಿದೆ: “ಅಲ್ಲ ಕಣೋ ಮಾರಾಯ, ಎಚ್ ಯಾಕೆ ಬಿಟ್ಟಿದ್ದೆ? ನನ್ನ ಜೀವ ಬಾಯಿಗೆ ಬಂದಿತ್ತು.”

ಅವನು ನಗಲಿಲ್ಲ. ಕೀಬೋರ್ಡ್ ನೋಡಿಕೊಂಡು ಹೇಳಿದ: “ಅಲ್ ಒಡೆಯೋದು ಯಾರ್ಗೂ ಕಾಣ್ಸಲ್ವಲ್ಲಕ್ಕ. ಮೇಲ್ ಬರೆಯೋವಾಗ, ಮೀಟಿಂಗಲ್ಲಿ, ಎಲ್ಲಾ ಕಡೆ ಎದ್ರಿಕೆ, ಎಲ್ಲ್ ತಪ್ತೀನೋ ಅಂತ. ಅಲ್ಲೊಂದ್ ಕಡೆ ನಮ್ ಮನೇಲಿ ಮಾತಾಡ್ದಂಗೆ ಒಡ್ಕಂಡಿದ್ದೆ.”

ನನ್ನ ಮುಖ ಹುಳ್ಳಗಾಯಿತು. ನಾನು ಸೇರಿದ ವಾರವೇ ಗಿರಾಕಿಗಳ ಎದುರು ಅವನು “ಓಸ್ಟಿಂಗ್” ಅಂದಾಗ, “ಹೋ, ಹೋ, ಹೋಸ್ಟಿಂಗ್ ಅನ್ನಪ್ಪಾ” ಅಂತ ತಿದ್ದಿ ಎಲ್ಲರನ್ನೂ ನಗಿಸಿದವಳು ನಾನು. ಅವನೂ ನಕ್ಕಿದ್ದ. ಆಮೇಲೆ ಮೀಟಿಂಗಿನಲ್ಲಿ ಅವನ ಬಾಯಿಂದ ಆ ಪದ ನಾನು ಕೇಳಿದ್ದೇ ಇಲ್ಲ.

ಯಜಮಾನರ ಕೋಣೆಗೆ ಹೋದೆ. ಲೆಟರ್ ಮೇಜಿನ ಮೇಲಿತ್ತು, ಪೆನ್ನು ಕೈಯಲ್ಲಿತ್ತು.

“ಸಾರ್, ಸ್ಪೆಲಿಂಗ್ ತಪ್ಪಿರಲಿಲ್ಲ. ಅವನು ಮಾತಾಡೋ ಹಾಗೆ ಹಾಕಿದ್ದ, ಹಾಗೇ ಹೊಡೀರಿ ಅಂತಾನೂ ಹೇಳಿದ್ದ. ಅಕ್ಷರ ಅಕ್ಷರವಾಗಿ ಕೇಳ್ದೆ ನನಗೆ ಬೇಕಾದ್ದು ಸೇರಿಸಿ ಹೊಡೆದೋಳು ನಾನು. ಶುಕ್ರವಾರ ಇದನ್ನ ನಿಮಗೆ ಹೇಳ್ಲಿಲ್ಲ.”

“ಅಂದ್ರೆ ಅವತ್ತು ಎರಡು ಗಂಟೆ ಹಾಳಾಗಿದ್ದು ನಿಮ್ಮಿಂದ?”

“ನನ್ನಿಂದ ಸಾರ್.”

ಅವರು ಪೆನ್ನಿನ ಮುಚ್ಚಳ ಹಾಕಿದರು. “ಲೆಟರ್ ಇನ್ನೊಂದು ತಿಂಗಳು ಬಿಟ್ಟು ನೋಡೋಣ. ಕೀ ಇಬ್ಬರ ಹತ್ರಾನೂ ಇರ್ಲಿ” ಅಂದರು.

ಇನ್ನೊಂದು ತಿಂಗಳು! ಆದರೂ ಅದೇನೋ ವಿಚಿತ್ರ ಹಗುರ. ಹೊರಗೆ ಬಂದು ಅವನ ಪಕ್ಕ ಕೂತು ಅದೇ ಸಾಲನ್ನು ಮತ್ತೆ ಬರೆದೆ. ಹೊಸ ಪಾಸ್‌ವರ್ಡ್ ಕೇಳಿತು. “ಹೇಳು” ಅಂದೆ.

ಅವನು ಗಂಟಲು ಸರಿಮಾಡಿಕೊಂಡು ಒಂದು ಮಾತು ಹೇಳಿದ. ಒಂದೊಂದು ಹಕಾರವನ್ನೂ ಶಾಲೆಯಲ್ಲಿ ಮೇಷ್ಟ್ರ ಎದುರು ನಿಂತವನ ಹಾಗೆ ಒತ್ತಿ ಒತ್ತಿ ಹೇಳಿದ.

“ಹಂಗಲ್ಲ ಕಣೋ. ನಿಮ್ಮ ಮನೇಲಿ ಅನ್ನೋ ಹಾಗೆ ಅನ್ನು.”

ತಮಾಷೆ ಮಾಡುತ್ತಿದ್ದೇನೋ ಅಂತ ನನ್ನ ಮುಖ ನೋಡಿದ. ಆಮೇಲೆ, ಮೆಲ್ಲಗೆ, ಅಂದ. ನಾನು ನನ್ನದೊಂದು ಅಕ್ಷರವನ್ನೂ ಸೇರಿಸದೆ ಕೇಳಿಸಿದ ಹಾಗೆ ಎರಡು ಸಲ ಹೊಡೆದೆ, ಎರಡೂ ಸರಿಹೋದವು.