ನೆಗೆಣ್ಣಿ ಆರಿಸಿದ ದೀಪ

ಆಕೆಯ ಬಲಗೈ ಹೆಬ್ಬೆರಳು ಚಪ್ಪಟೆಯಾಗಿ, ತುದಿಯಲ್ಲಿ ಒರಟಾಗಿತ್ತು. ಏನನ್ನೇ ಕೊಳ್ಳಲಿ, ಮೊದಲು ಅದನ್ನು ಬೋರಲು ಹಾಕಿ ಆ ಬೆರಳಿನಿಂದ ತಳ ಒತ್ತಿ ನೋಡುತ್ತಿದ್ದಳು. ಕುಕ್ಕರು, ಬಕೆಟ್ಟು, ಪ್ಲಾಸ್ಟಿಕ್ ಕುರ್ಚಿ, ಯಾವುದನ್ನೂ ಬಿಡುತ್ತಿರಲಿಲ್ಲ. ಆಕೆ ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ಆಕೆ ತಂದ ಸಾಮಾನು ಕೆಡುತ್ತಿರಲಿಲ್ಲ, ನಾನು ತಂದದ್ದು ತಿಂಗಳು ಕಳೆಯುವುದರೊಳಗೆ ಮೂಲೆ ಸೇರುತ್ತಿತ್ತು. ಒಂದೇ ಅಂಗಳದಲ್ಲಿ ಬಾಳುವ ಇಬ್ಬರು ಹೆಂಗಸರಿಗೆ ಇದಕ್ಕಿಂತ ಹೆಚ್ಚಿನ ಕಾರಣ ಬೇಕಿಲ್ಲ. ನನಗೆ ಆಕೆಯನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು.

ಗಂಗಾವತಿಯ ನಮ್ಮ ಮನೆ ಅಣ್ಣತಮ್ಮಂದಿರ ನಡುವೆ ಎರಡಾಗಿತ್ತು. ಎರಡು ಬಾಗಿಲು, ಒಂದು ಅಂಗಳ, ಅದರ ಮೂಲೆಗೆ ಇಬ್ಬರಿಗೂ ಸೇರಿದ ಬಚ್ಚಲು. ಅತ್ತೆ ಮಾತ್ರ ನನ್ನ ಪಾಲಿಗೆ ಬಂದಿದ್ದರು. ನೆಗೆಣ್ಣಿಯ ಮುಂದೆ ಎತ್ತಿ ತೋರಿಸಲು ನನಗಿದ್ದದ್ದು ಅದೊಂದೇ. ಬಂದವರ ಎದುರು "ಅತ್ತಿಯವರು ನನ್ನ ಬಿಟ್ಟು ಇರಂಗಿಲ್ಲರಿ" ಎಂದು, ಆಕೆಯ ಅಡುಗೆಮನೆಗೆ ಕೇಳುವಷ್ಟು ದನಿಯಲ್ಲಿ ಹೇಳುತ್ತಿದ್ದೆ.

ಅತ್ತೆಯ ಕಣ್ಣು ಮಂಜಾಯಿತು. ಬೆಳಗು ಹರಿಯುವ ಮುಂಚೆ ಬಚ್ಚಲಿಗೆ ಹೋಗುವಾಗ ಒಮ್ಮೆ ತುಳಸಿಕಟ್ಟೆಗೆ ಎಡವಿ ಬಿದ್ದು ಮೊಣಕಾಲು ತರಚಿಕೊಂಡರು. ಸ್ವಿಚ್ ಒತ್ತುವುದು ಅವರಿಗೆ ನೆನಪಾಗುತ್ತಿರಲಿಲ್ಲ. ಮನುಷ್ಯರು ಸುಳಿದರೆ ತಾನೇ ಹತ್ತುವ ದೀಪ ಹಾಕಿಸಬೇಕೆಂದು ಎರಡೂ ಮನೆಯಲ್ಲಿ ಮಾತಾಯಿತು. ಕೂಡಿ ಒಂದನ್ನು ತರಬಹುದಿತ್ತು. ನಾನು ಒಪ್ಪಲಿಲ್ಲ.

ಗಂಡನ ಮೊಬೈಲಿನಲ್ಲಿ ಹುಡುಕಿ ಎಲ್ಲಕ್ಕಿಂತ ದೊಡ್ಡದನ್ನು ತರಿಸಿದೆ. ಮೂರು ತಲೆಯ ಸೋಲಾರ್ ದೀಪ. ಬೀದಿಗೆಲ್ಲ ಕಾಣಲಿ ಎಂದು ಬಾಗಿಲ ಮೇಲೆ, ಮಾಳಿಗೆಯ ಅಂಚಿಗೇ ಹಾಕಿಸಿದೆ. ಆಕೆ ಅತ್ತೆಯನ್ನೇ ಆಟೋದಲ್ಲಿ ಕೂರಿಸಿಕೊಂಡು ಅಂಗಡಿಗೆ ಹೊರಟಳು. ಏನು ಆರಿಸುತ್ತಾಳೋ ನೋಡಬೇಕೆಂದು ನಾನೂ ಹತ್ತಿ ಕೂತೆ. ಅಂಗಡಿಯವನು ಹಿಂದಿನ ಕತ್ತಲು ಕೋಣೆಗೆ ಕರೆದೊಯ್ದು, ದೀಪ ಹಿಡಿದು ಅದರ ಮುಂದೆ ಕೈ ಬೀಸಿದ. ಹತ್ತಿತು.

"ನಮ್ಮ ಅತ್ತಿ ಕೈ ಬೀಸಿಕೋತ ಬಚ್ಚಲಕ್ಕ ಹೋಗಂಗಿಲ್ಲರಿ," ಎಂದಳು ಆಕೆ. "ಆ ಗ್ವಾಡಿಗೆ ಹಿಡೀರಿ. ಅತ್ತೀ, ನೀವು ಮನ್ಯಾಗ ನಡದಂಗ ಸಾವಕಾಶ ನಡೀರಿ."

ಅತ್ತೆ ಸೀರೆಯ ನಿರಿಗೆ ಎತ್ತಿ ಹಿಡಿದು, ಮದುಮಗಳ ಹಾಗೆ ನಾಚಿಕೊಂಡು ನಡೆದರು. ಅಂಗಡಿಯವನು ಮೆಚ್ಚಿ ತೋರಿಸಿದ ದೀಪಗಳೆಲ್ಲ ಅವರ ಮೆಲ್ಲಗಿನ ನಡಿಗೆಗೆ ಹತ್ತಲೇ ಇಲ್ಲ. ಕೊನೆಗೆ ಸಣ್ಣದೊಂದು, ಸೋಪಿನ ಡಬ್ಬಿಯಂಥದ್ದು ಹತ್ತಿತು. ಆಕೆ ಅದನ್ನು ಬೋರಲು ಹಾಕಿ, ರಬ್ಬರಿನ ಅಂಚನ್ನು ಹೆಬ್ಬೆರಳಿನಿಂದ ಸುತ್ತಲೂ ಒತ್ತಿ, "ಮಳಿ ಒಳಗ ಇಳಿಯಂಗಿಲ್ಲ, ಇದ ಇರ್ಲಿ," ಎಂದಳು. ಅದನ್ನು ತನ್ನ ಬಾಗಿಲ ಮೇಲೆ ಹಾಕಿಸದೆ ಪಕ್ಕದ ಗೋಡೆಗೆ, ತಲೆಗಿಂತ ತುಸು ಮೇಲೆ ಹಾಕಿಸಿದಳು. "ದೀಪದ ಕಡೆ ನೆಟ್ಟಗ ಬಂದ್ರ ತಡಾ ಮಾಡತೈತಿ, ಅಡ್ಡ ಹಾದ್ರ ಲಗೂನ ಹತ್ತತೈತಿ," ಎಂದು ಯಾರೂ ಕೇಳದಿದ್ದರೂ ಎಲ್ಲರಿಗೂ ಹೇಳಿದಳು. ನನಗೆ ಮೈಯೆಲ್ಲ ಉರಿಯಿತು.

ನನ್ನ ದೀಪವನ್ನು ಓಣಿಯವರೆಲ್ಲ ಹೊಗಳಿದರು. ಕೆಲವೇ ದಿನಗಳಲ್ಲಿ ಅದು ಮಂಕಾಯಿತು. ಇದು ದೃಷ್ಟಿಯೇ ಎಂದು ನನಗೆ ಖಾತ್ರಿಯಾಯಿತು, ಯಾರದೆಂಬ ಬಗ್ಗೆಯೂ ಅನುಮಾನವಿರಲಿಲ್ಲ. ಅಮಾವಾಸ್ಯೆಯ ದಿನ ಲಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ ದೀಪಕ್ಕೇ ಕಟ್ಟಿದೆ. ಗಾಳಿಗೆ ಆ ಸರ ತೂಗಾಡಿದಾಗಲೆಲ್ಲ ದೀಪ ಹತ್ತುತ್ತಿತ್ತು. ಸಂಜೆಯಿಡೀ ಹೀಗೆ ಹತ್ತಿ ಆರಿ ಬೆಳಗಿನ ಹೊತ್ತಿಗೆ ಬ್ಯಾಟರಿ ಖಾಲಿ. ಸಾಲದ್ದಕ್ಕೆ ಊರ ಅಕ್ಕಿ ಗಿರಣಿಗಳಿಂದ ಹಾರಿಬರುವ ಹೊಟ್ಟಿನ ಬೂದಿ ಬೇರೆ ಅದರ ಸೋಲಾರ್ ಹಲಗೆಯ ಮೇಲೆ ಕೂರುತ್ತಿತ್ತು. ಅಷ್ಟು ಎತ್ತರಕ್ಕೆ ಹತ್ತಿ ಒರೆಸುವವರಾರು? ಮುಂದಿನ ಅಮಾವಾಸ್ಯೆಗೆ ಇನ್ನೂ ದೊಡ್ಡ ಲಿಂಬೆಹಣ್ಣು ಕಟ್ಟಿದೆ.

ಒಂದು ಬೆಳಿಗ್ಗೆ ಅತ್ತೆ ತಮ್ಮ ಹೊದಿಕೆಯ ಕೌದಿಯನ್ನು ಸುರುಳಿ ಸುತ್ತಿಟ್ಟುಕೊಂಡು ಕೂತಿದ್ದರು. "ನಾ ಆ ಕಡೆ ಮಲಗ್ತೀನವ್ವ. ಅಲ್ಲಿ ಕಾಲಿಡೂದ್ರಾಗ ಬೆಳಕ ಆಕ್ಕೈತಿ," ಎಂದರು. ನೆಗೆಣ್ಣಿ ಬಂದು ಆ ಕೌದಿಯನ್ನು ಹೆಗಲಿಗೆ ಹಾಕಿಕೊಂಡು ಹೋದಳು. ಅವತ್ತು ನಾನು ಬಾಗಿಲು ಹಾಕಿಕೊಂಡು ಅಳುತ್ತ ಕೂತೆ. ಬಂಗಾರ ಕಳೆದಿದ್ದರೂ ಅಷ್ಟು ಅಳುತ್ತಿರಲಿಲ್ಲ.

ಆಮೇಲೆ ಆಕೆಯೊಡನೆ ನಾನು ಸರಿಯಾಗಿ ಮಾತಾಡಲಿಲ್ಲ. ಮಳೆಗಾಲ ಮುಗಿದ ಮೇಲೆ ಒಂದು ಸಂಜೆ, ಏಣಿ ಹೊತ್ತ ವೈರಿಂಗ್ ಕೆಲಸದವನನ್ನು ಕರೆದುಕೊಂಡು ತಾನೇ ಬಂದಳು. ಕೇಳದೆ ಹೇಳದೆ ಲಿಂಬೆಹಣ್ಣಿನ ಸರ ಕೀಳಿಸಿದಳು.

"ಅಕ್ಕಾ, ಅದು ದೃಷ್ಟಿಗೆ ಕಟ್ಟಿದ್ದು!" ಎಂದು ಕೂಗಿದೆ.

"ದೃಷ್ಟಿ ಯಾರ್ದು, ನಂದ?"

"ಮತ್ತ ಯಾರ್ದು?"

ಆಕೆ ನಕ್ಕಳು. "ಇರ್ಲಿ ಬಿಡು. ಬಾಗಲಕ್ಕ ಕಟ್ಟು, ದೀಪಕ್ಕ ಬ್ಯಾಡ."

ನನ್ನ ದೀಪವನ್ನು ಇಳಿಸಿ, ಒರೆಸಿ, ಪಕ್ಕದ ಗೋಡೆಗೆ ಹಾಕಿಸಿದಳು. ಕತ್ತಲಾಗುವವರೆಗೂ ಕಾದು, ನನ್ನ ಬಾಗಿಲಿನಿಂದ ಬಚ್ಚಲವರೆಗೆ ಅತ್ತೆಯನ್ನು ನಡೆಸಿದಳು. ಹತ್ತಿತು. "ನಾಳೆ ಅತ್ತಿ ಇತ್ತಾಗ ಬಂದ್ರ ಕತ್ತಲಾಗಬಾರ್ದು ನೋಡು," ಎಂದು ಏಣಿಗೆ ಒರಗಿ ಏದುಸಿರು ಬಿಟ್ಟಳು.

"ನಿನ್ನ ಕಡೆ ಅದಾರಲ್ಲ, ಇತ್ತಾಗ ಯಾಕ ಬರ್ತಾರ?" ಎಂದೆ. ನನ್ನನ್ನು ಹಂಗಿಸಲೆಂದೇ ಬಂದಿದ್ದಾಳೆಂದು ನನಗನಿಸಿತ್ತು. ಆಕೆ ಅತ್ತೆಯ ಕೈ ಹಿಡಿದುಕೊಂಡು ತನ್ನ ಬಾಗಿಲ ಕಡೆ ನಡೆದಳು. ಆಕೆಯ ಕಾಯಿಲೆಯ ಬಗ್ಗೆ ಕೊಪ್ಪಳದ ಡಾಕ್ಟರು ಹೇಳಿದ್ದು ಆಕೆಗೆ, ನಮ್ಮ ಭಾವನವರಿಗೆ ಬಿಟ್ಟು ಆಗ ಯಾರಿಗೂ ಗೊತ್ತಿರಲಿಲ್ಲ. ಚಳಿಗಾಲ ಮುಗಿಯುವುದರೊಳಗೆ ಆಕೆ ಹೋಗಿಬಿಟ್ಟಳು.

ಆಕೆಯ ಉತ್ತರಕ್ರಿಯೆ ಮುಗಿದ ಮೇಲೆ ಅತ್ತೆ ಕೌದಿಯೊಂದಿಗೆ ನನ್ನ ಕಡೆಗೇ ಬಂದರು. ನಾನು ಹಂಬಲಿಸಿದ್ದು ಸಿಕ್ಕಿತು. ಆದರೆ ಆಕೆ ದಾರಿ ಮಾಡಿಟ್ಟಿದ್ದಕ್ಕೆ ಸಿಕ್ಕಿತು, ಅದು ನನಗೆ ಇವತ್ತಿಗೂ ಸಹಿಸಲಾಗುವುದಿಲ್ಲ. ಬೆಳಗಿನ ಜಾವ ಅತ್ತೆ ಅಂಗಳಕ್ಕಿಳಿದು ದೀಪ ಹತ್ತಿದಾಗ, "ತಂಪ ಇರವ್ವ ನನ್ನ ತಾಯಿ," ಎಂದು ಆಕೆಯನ್ನು ಹರಸುತ್ತಾರೆ.

ಮೊನ್ನೆ ತಡೆಯಲಾರದೆ ಹೇಳಿದೆ: "ಅತ್ತೀ, ಈ ದೀಪ ನಾ ತರಿಸಿದ್ದರಿ."

"ಹೌದವ್ವ, ತರಿಸಿದಾಕಿ ನೀನ," ಎಂದರು. "ಹತ್ತೂವಂಗ ಮಾಡಿದಾಕಿ ಆಕಿ."

ಆಕೆ ಇದ್ದಿದ್ದರೆ ಈ ಮಾತಿಗೆ ಆಗಲೇ ಆ ಕಡೆಯ ಬಾಗಿಲು ಬಡಿದು ಜಗಳ ತೆಗೆಯುತ್ತಿದ್ದೆ. ಅತ್ತೆಯ ಕೈ ಹಿಡಿದು ಬಚ್ಚಲವರೆಗೆ ಬಿಟ್ಟು, ಹೊರಗೆ ನಿಂತುಕೊಂಡೆ.